ಕಿಟಕಿ ಪಕ್ಕದ ಜಾಗ

ಸೆಪ್ಟೆಂಬರ್ 8, ಸೋಮವಾರ

ಬಂದಿಳಿದೆ. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ತಲೆನೋವು. ಬಸ್ಸು ನನ್ನನ್ನು ಶಾಲೆಯ ಮುಂದೆ ಇಳಿಸಿದ್ದೇ ತಡ, ಇವಳೆಲ್ಲಿ ಮನಸ್ಸು ಬದಲಿಸಿ ಮತ್ತೆ ಹತ್ತಿಬಿಡುತ್ತಾಳೋ ಎಂಬಂತೆ ಓಡಿಹೋಯಿತು.

ಬಾಡಿಗೆಗೆ ಸಿಕ್ಕಿದ್ದು ಶಾಲೆಯ ಎದುರು ಮನೆಯ ಮುಂದಿನ ಕೋಣೆ. ಊರಲ್ಲಿ ಬೇರೆ ಕೋಣೆಯೇ ಇಲ್ಲವಂತೆ. ಮನೆ ಯಾರದ್ದು ಎಂದರೆ, ಯಾರ ಜಾಗಕ್ಕೆ ನಾನು ಬಂದಿದ್ದೇನೋ ಅವರದ್ದೇ. ಮೂವತ್ತು ವರ್ಷ ಇದೊಂದೇ ಶಾಲೆಯಲ್ಲಿ ಪಾಠ ಮಾಡಿ, ಈ ಬೇಸಿಗೆಯಲ್ಲಿ ತೀರಿಕೊಂಡ ಟೀಚರ್. ಈಗ ಕೆಲಸವೂ ಅವರದ್ದು, ಸೀರೆ ನೇತು ಹಾಕುವ ಮೊಳೆಯೂ ಅವರದ್ದು.

ಮನೆಯಲ್ಲಿರುವವರು ಇಬ್ಬರು. ಒಬ್ಬರು ಟೀಚರ ತಂಗಿ. ಊರಿಗೆಲ್ಲ ಚಿಕ್ಕಮ್ಮ. ಅಕ್ಕ ಹೋದ ಮೇಲೆ ಮನೆ ನೋಡಿಕೊಳ್ಳಲು ಬಂದವರು, ಒಂದು ಕಾಲು ಇಲ್ಲಿ, ಒಂದು ಕಾಲು ತಮ್ಮ ಮನೆಯಲ್ಲಿ. ಇನ್ನೊಬ್ಬನು ಆ ಟೀಚರ ಮಗ. ಮೂವತ್ತು ದಾಟಿದ ಗಂಡಸು, ಬುದ್ಧಿ ಮಾತ್ರ ಮೂರು ವರ್ಷದ್ದು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಜಗಲಿಯ ಬೆತ್ತದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾನೆ. ಎಲ್ಲರೂ "ದೊರೆ" ಎನ್ನುತ್ತಾರೆ. ನನ್ನನ್ನು ನೋಡಿದ, ಮುಖ ತಿರುಗಿಸಿಕೊಂಡು ರಸ್ತೆಯ ಆಚೆ ನೋಡತೊಡಗಿದ. ದೊರೆಯ ದರ್ಶನ ಮುಗಿಯಿತು.

ಅಣ್ಣ ಫೋನಿನಲ್ಲಿ, "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊ. ವರ್ಗಾವಣೆಗೆ ಹೇಳಿಟ್ಟಿದೀನಿ" ಅಂದ. ನಾನು ಹುಟ್ಟಿದಾಗಿನಿಂದ ಅಡ್ಜಸ್ಟ್ ಮಾಡಿಕೊಳ್ಳುತ್ತಲೇ ಇದ್ದೇನೆ. ಇನ್ನು ಸ್ವಲ್ಪ ದಿನ ಯಾವ ಲೆಕ್ಕ.

ಸೆಪ್ಟೆಂಬರ್ 9, ಮಂಗಳವಾರ

ಮಕ್ಕಳ ನೋಟ್‌ಬುಕ್ ನೋಡಿ ತಲೆ ಚಿಟ್ಟು ಹಿಡಿಯಿತು. ಪ್ರತಿ ಹಾಳೆಯ ಎಡ ಅರ್ಧ ಖಾಲಿ! ಬರೆದಿದ್ದೆಲ್ಲ ಬಲಗಡೆಗೆ ಒತ್ತರಿಸಿಕೊಂಡಿದೆ, ಬಸ್ಸಿನಲ್ಲಿ ಸೀಟು ಸಿಗದವರಂತೆ. ಒಬ್ಬರದ್ದಲ್ಲ, ಅಷ್ಟೂ ಮಕ್ಕಳದ್ದು.

"ಯಾಕ್ರೋ ಹೀಗೆ?" ಅಂದರೆ ಮುಂದಿನ ಬೆಂಚಿನ ಬಾಯಿಬಡುಕಿ ಎದ್ದು ನಿಂತು, "ಎಡಗಡೆ ಟೀಚರ್ದು ಮೇಡಂ" ಅಂದಳು. ಟೀಚರ್ ಇಲ್ಲವಲ್ಲಮ್ಮಾ ಈಗ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನಾಳೆಯಿಂದ ಹಾಳೆ ತುಂಬ ಬರೆಯಬೇಕು ಎಂದು ಗದರಿದೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಇವತ್ತು ನಾನು ಅದೇ.

ಹಲಗೆಯ ಎಡಗಡೆ ಒಂದು ದೊಡ್ಡ ಕಿಟಕಿ. ಅದರಿಂದ ಬಿಸಿಲು ಹಲಗೆಗೆ ಹೊಡೆಯುತ್ತದೆ, ಲಾರಿ ಧೂಳು ಬಾಯಿಗೆ ಬರುತ್ತದೆ. ಮುಚ್ಚಿಸಿದೆ. ಬಾಗಿಲು ಎಷ್ಟೋ ವರ್ಷ ಹಾಕಿರಲಿಲ್ಲವೆಂದು ಕಾಣುತ್ತದೆ, ಕಿರ್‍ರೆಂದು ಅತ್ತುಕೊಂಡೇ ಮುಚ್ಚಿಕೊಂಡಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೆಪ್ಟೆಂಬರ್ 10, ಬುಧವಾರ

ಸಂಜೆ ಮನೆಗೆ ಬಂದರೆ ಜಗಲಿಯ ತುಂಬ ಜನ. ದೊರೆ ಕಾಣೆಯಾಗಿದ್ದ. ಚಿಕ್ಕಮ್ಮ ಒಳಗೆ ಕೆಲಸದಲ್ಲಿದ್ದಾಗ ಎದ್ದು ಹೋಗಿಬಿಟ್ಟಿದ್ದಾನೆ. ಕೊನೆಗೆ ಲಾರಿ ಓಡಿಸುವ ಒಬ್ಬ, ದೊಡ್ಡ ರಸ್ತೆ ಕೂಡುವಲ್ಲಿ ಇವನನ್ನು ಕಂಡು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಕರೆತಂದ. ಚಪ್ಪಲಿ ಇರಲಿಲ್ಲ. ಅಂಗಾಲು ಕಿತ್ತುಹೋಗಿತ್ತು.

"ನಡುರೋಡಲ್ಲಿ ನಿಂತಿದ್ದ ಚಿಕ್ಕಮ್ಮಾ. ನಾನಾಗಿದ್ದಕ್ಕೆ ಬ್ರೇಕ್ ಹಾಕ್ದೆ. ಬೇರೆಯೋರಾಗಿದ್ರೆ?" ಅಂದ ಡ್ರೈವರ್.

ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಇಷ್ಟು ವರ್ಷದಲ್ಲಿ ಒಂದಿನ ಜಗಲಿ ಇಳಿದೋನಲ್ಲ. ಅಕ್ಕ ಹೋದಾಗ್ಲೂ ಇಳಿಲಿಲ್ಲ. ಈಗೇನು ಬಂತು ಇವನಿಗೆ?"

ನನಗೇನು ಗೊತ್ತು. ಬಾಡಿಗೆಯವಳು ನಾನು. ಬಾಗಿಲು ಹಾಕಿಕೊಂಡು ಕೂತೆ.

ಸೆಪ್ಟೆಂಬರ್ 12, ಶುಕ್ರವಾರ

ಇವತ್ತೂ ಹೋಗಿದ್ದನಂತೆ. ದೂರ ಹೋಗುವ ಮೊದಲೇ ಹಿಡಿದು ತಂದರು.

ಚಿಕ್ಕಮ್ಮ ನನ್ನ ಕೋಣೆಯ ಹೊಸಿಲ ಮೇಲೆ ಕೂತು ಹೇಳಿಕೊಂಡರು. ಪಟ್ಟಣದಲ್ಲಿ ಇಂಥವರನ್ನು ಇಟ್ಟುಕೊಳ್ಳುವ ಒಂದು ಆಶ್ರಮವಿದೆಯಂತೆ. "ನಮ್ಮನೆಯವರು ಹಾಸಿಗೆ ಹಿಡಿದಿದಾರೆ. ನನ್ನ ಮಂಡಿ ನೋಡಿ, ಏಳಕ್ಕಾಗಲ್ಲ ಕೂರಕ್ಕಾಗಲ್ಲ. ಇವನು ಸುಮ್ನೆ ಕೂತಿರ್ತಾನೆ ಅಂತ ಧೈರ್ಯ ಇತ್ತು. ಹೀಗೆ ಓಡಿಹೋದ್ರೆ ನಾನು ಹಿಂದೆ ಓಡ್ಲಾ? ಅಲ್ಲಿ ಗೇಟಿಗೆ ಬೀಗ ಇರತ್ತೆ. ಅಷ್ಟಾದ್ರೂ ಸಾಕು."

ಸರಿಯಾದ ಮಾತೇ ಅನ್ನಿಸಿತು. ಹಾಗೆಂದೆ ಕೂಡ. ದೊರೆ ಜಗಲಿಯ ಮೇಲೆ ಶರ್ಟಿನ ಗುಂಡಿ ಏರುಪೇರು ಹಾಕಿಕೊಂಡು ಕೂತಿದ್ದ. ನೋಡಿ ಕಿರಿಕಿರಿಯಾಯಿತು.

ಸೆಪ್ಟೆಂಬರ್ 18, ಗುರುವಾರ

ಇವತ್ತು ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು.

ಒಬ್ಬ ಹುಡುಗನ ಅಪ್ಪ, ಮಗನಿಗೆ ಹೊಟ್ಟೆನೋವು, ರಜೆ ಕೊಡಿ ಎಂದು ಚೀಟಿ ಕಳಿಸಿದ್ದ. ನೋಡಿದರೆ ಅದರಲ್ಲೂ ಬರಹ ಬಲ ಅರ್ಧಕ್ಕೆ ಮಾತ್ರ! ಮಧ್ಯಾಹ್ನ ಅಂಗಡಿಗೆ ಹೋದರೆ "ಇಂದು ಸಾಲವಿಲ್ಲ" ಎಂಬ ಹಲಗೆ. ಎಡಗಡೆ ಖಾಲಿ, ಎರಡೂ ಪದ ಬಲಗಡೆ ಕಿಕ್ಕಿರಿದಿವೆ. ಇಡೀ ಊರೇ ಅರ್ಧ ಹಾಳೆಯ ಊರು. ನಗುತ್ತಲೇ ಹೆಡ್‌ಮಾಸ್ಟರ ಬಳಿ ಹೋಗಿ ಹೇಳಿದೆ. ಅವರು ನಗಲಿಲ್ಲ.

"ನಿಮಗೆ ಯಾರೂ ಹೇಳ್ಲಿಲ್ವಾ?" ಅಂದರು. ನನ್ನನ್ನು ತರಗತಿಗೆ ಕರೆದುಕೊಂಡು ಹೋಗಿ, ಮುಚ್ಚಿದ್ದ ಕಿಟಕಿಯನ್ನು ತಾವೇ ತಳ್ಳಿ ತೆರೆದರು. ಹಲಗೆಯ ಎಡ ತುದಿಗೆ, ಕಿಟಕಿಗೆ ಆನಿಕೊಂಡು ನಿಲ್ಲಿಸಿದರು. ನೇರ ಎದುರಿಗೆ, ರಸ್ತೆಯ ಆಚೆ, ನಮ್ಮ ಜಗಲಿ. ಜಗಲಿಯ ಮೇಲೆ ಬೆತ್ತದ ಕುರ್ಚಿ.

"ಮೂವತ್ತು ವರ್ಷ ಇಲ್ಲೇ ನಿಂತು ಪಾಠ ಮಾಡಿದ್ರು. ಎಡ ಅರ್ಧ ಅವರ ಬೆನ್ನ ಹಿಂದೆ ಮುಚ್ಚಿಹೋಗ್ತಿತ್ತು, ಬರೀತಿದ್ದಿದ್ದು ಬಲಗಡೆ ಮಾತ್ರ. ಮಕ್ಕಳು ಕಂಡ ಹಾಗೆ ಬರ್ಕೊಂಡ್ರು. ಖಾಲಿ ಬಿಟ್ಟಿದ್ದು ಯಾಕೆ ದಂಡ ಮಾಡ್ಬೇಕು ಅಂತ ಇವರು ಅಲ್ಲೇ ತಿದ್ದಿ ಕೊಡೋಕೆ ಶುರು ಮಾಡಿದ್ರು. ಹಾಗೇ ನಡ್ಕೊಂಡು ಬಂತು."

"ಮಗನನ್ನ ಕಾಯೋಕೆ?"

"ನಾವೂ ಹಾಗೇ ಅನ್ಕೊಂಡಿದ್ವಿ. ಅವನೂ ಅಲ್ಲಿಂದ ಇವರನ್ನ ನೋಡ್ತಿದ್ದ ಮೇಡಂ. ಇಲ್ಲಿ ಯಾರಾದ್ರೂ ಒಬ್ರು ನಿಂತಿದ್ರೆ ಅವನು ಅಲ್ಲಿ ಕೂತಿರ್ತಾನೆ. ಟೀಚರ್ ಹೋದ ಮೇಲೆ ಎರಡೂ ತರಗತಿ ಸೇರಿಸಿ ನಾನೇ ಇಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತಿದ್ದೆ."

ಅಂದರೆ ಕಿಟಕಿ ಮುಚ್ಚಿದ್ದು ನಾನು, ಅವನ ಅಂಗಾಲು ಕಿತ್ತುಹೋಗಿದ್ದು ಅದಕ್ಕೆ. ಇಡೀ ಊರಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ! ಮೊದಲ ದಿನವೇ ಹೇಳಬಾರದಿತ್ತೇ ಎಂದು ಕೂಗಾಡಿದೆ. "ನೀವು ಬಂದ ದಿನವೇ ಇಲ್ಲೇ ನಿಲ್ಲಿ ಅಂತ ಹೇಗೆ ಹೇಳೋದು? ಅದು ಕೆಲಸದಲ್ಲಿ ಸೇರಿಲ್ವಲ್ಲ" ಅಂದರು ಹೆಡ್‌ಮಾಸ್ಟರು, ಮೆತ್ತಗೆ.

ಕಿಟಕಿ ತೆರೆದಿಟ್ಟಿದ್ದೇನೆ. ಗಾಳಿ ಬೇಕಲ್ಲ.

ಸೆಪ್ಟೆಂಬರ್ 27, ಶನಿವಾರ

ಅಣ್ಣನಿಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿ, "ಊಟ ಆಯ್ತಾ?" ಅಂದಳು. ಆಯ್ತು ಅಂದೆ. "ಮತ್ತೆ?" ಅಂದಳು. ಮತ್ತೆ ಏನೂ ಇರಲಿಲ್ಲ. ಇಟ್ಟೆ.

ನಿನ್ನೆಯಿಂದ ನಾನು ಒಂದು ಮಾತೂ ನನಗಾಗಿ ಆಡಿಲ್ಲ. ಮಕ್ಕಳಿಗೆ ಆಡಿದ್ದು ಪಾಠ, ಚಿಕ್ಕಮ್ಮನಿಗೆ ಆಡಿದ್ದು ನೀರಿನ ವಿಷಯ. ನಾಳೆ ಮತ್ತೆ ಭಾನುವಾರ. ಯಾಕಾದರೂ ಬರುತ್ತದೋ.

ಅಕ್ಟೋಬರ್ 4, ಶನಿವಾರ

ಟೀಚರ ನೆನಪಿನ ಸಭೆ. ತರಗತಿಯಲ್ಲೇ ಮಾಡಿದರು. ಅವರ ಕೈಯಲ್ಲಿ ಕಲಿತವರು ಎಲ್ಲೆಲ್ಲಿಂದಲೋ ಬಂದು, ಮಂಡಿ ಗದ್ದಕ್ಕೆ ತಾಗುವ ಹಾಗೆ ಆ ಪುಟ್ಟ ಬೆಂಚುಗಳಲ್ಲೇ ಕೂತರು.

ಮೊದಲು ಎದ್ದವನು ಲಾರಿ ಡ್ರೈವರ್. "ನಾನು ಮೂರನೇ ಕ್ಲಾಸಲ್ಲಿ ಮೂರು ಸಲ ಕೂತೋನು. ನಮ್ಮಪ್ಪ ಬಿಡಿಸ್ತೀನಿ ಅಂದಾಗ ಟೀಚರ್ ಮನೆಗೆ ಬಂದು, 'ಇವನು ನಿಧಾನ, ಆದ್ರೆ ನಿಲ್ಲಲ್ಲ' ಅಂದ್ರು. ಈಗ್ಲೂ ದೊಡ್ಡ ಏರು ಹತ್ತುವಾಗ ಅದೇ ಮಾತು ನೆನಪಾಗತ್ತೆ." ನರ್ಸ್ ಒಬ್ಬಳು ಹೇಳಿದಳು: "ಅವರು ಹೊಡೀತಾನೇ ಇರ್ಲಿಲ್ಲ. 'ಇನ್ನೊಂದ್ಸಲ' ಅಂತಿದ್ರು, ಅಷ್ಟೆ. ಒಂದ್ಸಲ ಹನ್ನೊಂದು ಸಲ ಅಂದಿದ್ರು. ಹೊಡೆದ್ರೇ ವಾಸಿ ಅನ್ನಿಸ್ತಿತ್ತು." ಎಲ್ಲರೂ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಆಮೇಲೆ ಟೀಚರ ಫೋಟೋ ಹೊರತೆಗೆದು ಮೇಜಿನ ಮೇಲಿಟ್ಟರು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದು. ದರ್ಜಿಯವನು ಮೆಲ್ಲಗೆ, "ಅವರ ಥರಾನೇ ಇಲ್ವಲ್ಲ" ಅಂದ. ಹೌದು ಹೌದು ಎಂದರು ಮಿಕ್ಕವರು. ಫೋಟೋಗ್ರಾಫರ್ ಕೆಡಿಸಿದ್ದಾನೆ ಎಂದ ಒಬ್ಬ. ಚಿಕ್ಕಮ್ಮ ಮಾತ್ರ, "ಅಯ್ಯೋ, ನಮ್ಮಕ್ಕ ಇರೋದೇ ಹಾಗೆ" ಅಂದರು. ನನಗೆ ಹೊಳೆಯಿತು. ಇವರೆಲ್ಲ ಅವರನ್ನು ಪಕ್ಕದಿಂದ ನೋಡಿದವರು. ಒಂದು ಕಿವಿ, ಒಂದು ಕೆನ್ನೆ, ಅರ್ಧ ನಗು. ಪೂರ್ತಿ ಮುಖ ಇದ್ದಿದ್ದು ರಸ್ತೆಯ ಆಚೆಗೆ.

ಊರೆಲ್ಲ ಅಮ್ಮನಂತಿದ್ದರು, ಅಮ್ಮನಂತಿದ್ದರು ಎಂದಿತು. ನಿಜವಾದ ಮಗನನ್ನು ಸಭೆಗೆ ಕರೆಯುವುದು ಯಾರಿಗೂ ನೆನಪಾಗಲಿಲ್ಲ. ಅವನು ಕುರ್ಚಿಯಲ್ಲಿ ಕೂತು ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದ. ಒಳಗೆ ಸೆಕೆಯಾಗಿ, ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಸಭೆ ಮುಗಿಯುವವರೆಗೂ ಅಲ್ಲೇ ಇದ್ದೆ.

ಅಕ್ಟೋಬರ್ 13, ಸೋಮವಾರ

ಭಾಗಾಕಾರ ಶುರು ಮಾಡಿದ್ದೇನೆ. ಮಕ್ಕಳು ಭಾಗಲಬ್ಧವನ್ನು ಕಂಡರೆ ಸಾಲ ಕೊಟ್ಟವನನ್ನು ಕಂಡಂತೆ ಅವಿತುಕೊಳ್ಳುತ್ತವೆ.

ಬಾಯಿಬಡುಕಿ ಇವತ್ತು ಕೈ ಎತ್ತಿ, "ಮೇಡಂ, ಪೂರ್ತಿ ಹಾಳೆ ಬರೀರಿ ಅಂದ್ರಿ, ನೀವೇ ಹಲಗೆಯಲ್ಲಿ ಅರ್ಧ ಬಿಟ್ಟಿದ್ದೀರಿ" ಅಂದಳು. ತಿರುಗಿ ನೋಡಿದೆ, ಹೌದು. ಕಿಟಕಿ ಪಕ್ಕ ಬೆಳಕು ಚೆನ್ನಾಗಿದೆ, ಅದಕ್ಕೆ ಅಂದೆ. ಅಧಿಕಪ್ರಸಂಗಿ. ಎರಡು ಲೆಕ್ಕ ಹೆಚ್ಚು ಕೊಟ್ಟೆ.

ಬೆಳಿಗ್ಗೆ ಹೊರಡುವಾಗ ದೊರೆಯ ಶರ್ಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ. ಇಡೀ ದಿನ ಎದುರಿಗೆ ಅದನ್ನೇ ನೋಡುತ್ತ ಪಾಠ ಮಾಡುವುದು ಯಾರಿಗೆ ಬೇಕು.

ಅಕ್ಟೋಬರ್ 25, ಶನಿವಾರ

ಚಿಕ್ಕಮ್ಮ ಬಟ್ಟೆ ಮಡಿಸುತ್ತ ಅಕ್ಕನ ಸುದ್ದಿ ತೆಗೆದರು. ಗಂಡ ಬಿಟ್ಟುಹೋದಾಗ ದೊರೆಗೆ ಎರಡು ವರ್ಷವಂತೆ. "ಎರಡು ಸಲ ಪಟ್ಟಣದ ಶಾಲೆಗೆ ಹೆಡ್ ಮಾಡ್ತೀವಿ ಅಂದ್ರು. ಒಲ್ಲೆ ಅಂದ್ಲು. ಅಲ್ಲಿ ಶಾಲೆ ಒಂದು ಕಡೆ, ಮನೆ ಒಂದು ಕಡೆ. ನಾನು ಬೈದೆ. ಊರ ಮಕ್ಕಳಿಗೆಲ್ಲ ಓದು ಕಲಿಸ್ತೀಯ, ನಿನ್ನ ಮಗನಿಗೆ ಒಂದಕ್ಷರ ಹತ್ತಲಿಲ್ಲ, ಇವನಿಗೋಸ್ಕರ ಜೀವ ತೇಯ್ತೀಯಲ್ಲ ಅಂದೆ."

"ಏನಂದ್ರು?"

"'ನಾನು ತಲೆ ಎತ್ತಿದಾಗೆಲ್ಲ ನನ್ನನ್ನೇ ನೋಡ್ತಿರೋನು ಒಬ್ಬ ಇದಾನೆ. ನಿನ್ನ ಗಂಡ ನೋಡ್ತಾನೇನೆ ಹಾಗೆ?' ಅಂದ್ಲು." ಚಿಕ್ಕಮ್ಮ ನಕ್ಕರು. ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟರು. "ಆಸ್ಪತ್ರೆಲಿ ಕೊನೆಗೆ ಇವನನ್ನ ಕರ್ಕೊಂಡು ಬಾ ಅಂತ ಕೇಳಿದ್ಲು. ಗಲಾಟೆ ಮಾಡ್ತಾನೆ, ಬೇಡ ಅಂದ್ರು ಅಲ್ಲಿಯೋರು. ಇವನು ಇಲ್ಲಿ ಕಿಟಕಿ ನೋಡ್ಕೊಂಡು ಕೂತಿದ್ದ. ಅವಳು ಅಲ್ಲಿ ಬಾಗಿಲು ನೋಡ್ಕೊಂಡು ಹೋದ್ಲು."

ನನಗೆ ಅಳು ಬಂತು. ನಾನು ಕಾಣದ ಹೆಂಗಸಿಗಾಗಿ ಅತ್ತೆನೋ, ನನಗಾಗಿ ಅತ್ತೆನೋ ತಿಳಿಯದು. ನಾನು ತಲೆ ಎತ್ತಿದಾಗ ನೋಡುತ್ತಿರುವವರು ಯಾರು? ಇದ್ದರಲ್ಲವೇ.

ಆಶ್ರಮದವರು ಮುಂದಿನ ತಿಂಗಳು ಒಂದು ಜಾಗ ಖಾಲಿಯಾಗುತ್ತದೆ ಎಂದಿದ್ದಾರಂತೆ. "ಈಗ ಸುಮ್ನೆ ಕೂರ್ತಾನಲ್ಲ ಚಿಕ್ಕಮ್ಮ" ಅಂದೆ. "ನೀವಿರೋವರೆಗೂ ಕೂರ್ತಾನೆ. ಆಮೇಲೆ?" ಅಂದರು.

ನವೆಂಬರ್ 4, ಮಂಗಳವಾರ

ಆಯಿತು! ಅಣ್ಣ ಫೋನ್ ಮಾಡಿದ್ದ. ವರ್ಗಾವಣೆ ಆಗಿದೆ. ಪಟ್ಟಣದ ಶಾಲೆ, ಮಹಡಿ ಕಟ್ಟಡ, ಪ್ರತಿ ತರಗತಿಗೆ ಎರಡು ಫ್ಯಾನು, ಕೂತು ಟೀ ಕುಡಿಯಲು ಶಿಕ್ಷಕರ ಕೋಣೆ. ಹದಿನೇಳನೇ ತಾರೀಕಿಗೆ ಹಾಜರಾಗಬೇಕು. ಒಪ್ಪಿಗೆ ಮಾತ್ರ ಒಂದು ವಾರದೊಳಗೆ ಹೇಳಬೇಕು.

ಚಿಕ್ಕಮ್ಮನಿಗೆ ಹೇಳಿದೆ. "ಒಳ್ಳೇದಾಯ್ತು ತಾಯಿ. ಚಿಕ್ಕ ವಯಸ್ಸು, ಇಲ್ಲೇನಿದೆ ನಿಮಗೆ" ಅಂದರು. ಮತ್ತೆ, "ಹಾಗಾದ್ರೆ ಅದೇ ವಾರ ಇವನನ್ನೂ ಬಿಟ್ಟು ಬರ್ತೀನಿ. ಮನೆ ಬಾಗಿಲು ಒಂದೇ ಸಲ ಹಾಕಿದ ಹಾಗಾಗತ್ತೆ" ಅಂದರು. ಅದರಲ್ಲಿ ಕುಹಕವೇನೂ ಇರಲಿಲ್ಲ.

ಎಷ್ಟು ದಿನದಿಂದ ಕಾಯುತ್ತಿದ್ದೆ. ಕುಣಿದಾಡಬೇಕಿತ್ತು. ನೆಲ ಗುಡಿಸಿ ಮಲಗಿದೆ.

ನವೆಂಬರ್ 7, ಶುಕ್ರವಾರ

ಅಣ್ಣ ಮತ್ತೆ ಫೋನ್ ಮಾಡಿದ. "ಏನು ಯೋಚನೆ ಮಾಡ್ತಿದೀಯ? ಬೇಡ ಅಂದ್ರೆ ಇನ್ನು ನನ್ನ ಕೇಳ್ಬೇಡ." ಭಾಗಾಕಾರ ಇನ್ನೂ ಮುಗಿದಿಲ್ಲ, ಶೇಷ ಬರುವ ಲೆಕ್ಕ ಮಕ್ಕಳಿಗೆ ಹತ್ತಿಲ್ಲ ಎಂದೆ. "ಅಲ್ಲಿಗೆ ಬರೋರು ಹೇಳ್ಕೊಡ್ತಾರೆ ಬಿಡು" ಅಂದ. ಬರುವವರು ಕಿಟಕಿ ಮುಚ್ಚಿದರೆ? ಅದನ್ನು ಅವನಿಗೆ ಹೇಗೆ ಹೇಳುವುದು.

ಸೋಮವಾರ ಹೇಳುತ್ತೇನೆ ಎಂದೆ. ಹೋಗುವುದಂತೂ ಹೋಗುವುದೇ. ಗಂಟಲು ಕೆರೆಯುತ್ತಿದೆ.

ನವೆಂಬರ್ 10, ಸೋಮವಾರ

ಅಕ್ಷರ ಸೊಟ್ಟ ಬರುತ್ತಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಏಳಲಾಗದಷ್ಟು ಜ್ವರ. ಹೆಡ್‌ಮಾಸ್ಟರೂ ಯಾವುದೋ ಮೀಟಿಂಗಿಗೆ ಹೋಗಿದ್ದರಿಂದ ಶಾಲೆಗೆ ರಜೆ ಕೊಟ್ಟುಬಿಟ್ಟರು. ಚಿಕ್ಕಮ್ಮ ಮಾತ್ರೆ ಕೊಟ್ಟು ಔಷಧಿ ಅಂಗಡಿಗೆ ಹೋದರು. ಕಣ್ಣು ಮುಚ್ಚಿದ್ದೆ. ಆಗ ನೆನಪಾಯಿತು: ಕಿಟಕಿಯಲ್ಲಿ ಇವತ್ತು ಯಾರೂ ಇಲ್ಲ.

ಹೊರಗೆ ಬೆತ್ತದ ಕುರ್ಚಿ ಕಿರುಗುಟ್ಟಿದ ಸದ್ದು. ಎದ್ದಿದ್ದಾನೆ. ಹೆಜ್ಜೆ ಸದ್ದು. "ದೊರೆ, ಕೂತ್ಕೊ!" ಎಂದು ಕೂಗಿದೆ, ಗಂಟಲಿನಿಂದ ಗಾಳಿ ಮಾತ್ರ ಬಂತು. ಎದ್ದು ನಿಂತೆ, ತಲೆ ಗಿರ್‍ರೆಂದು ಮತ್ತೆ ಬಿದ್ದೆ. ದೊಡ್ಡ ರಸ್ತೆ, ಲಾರಿ, ಅವನ ಬರಿಗಾಲು, ಎಲ್ಲ ಕಣ್ಣ ಮುಂದೆ ಬಂತು. ಚಿಕ್ಕಮ್ಮ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಮುಸುಕಿನೊಳಗೆ ಅತ್ತೆ.

ಬಾಗಿಲು ತಳ್ಳಿದ ಸದ್ದಾಯಿತು. ದೊರೆ. ಹೊಸಿಲ ಮೇಲೆ ನಿಂತು ನನ್ನನ್ನು ನೋಡಿದ. ಆಮೇಲೆ ರಸ್ತೆಗೆ ಬೆನ್ನು ಮಾಡಿ, ಶಾಲೆಗೆ ಬೆನ್ನು ಮಾಡಿ, ನನ್ನ ಕಡೆಗೆ ಮುಖ ಹಾಕಿ ಹೊಸಿಲ ಮೇಲೆ ಕೂತುಕೊಂಡ. ಬೆನ್ನು ನೆಟ್ಟಗೆ, ಕೈ ಮಂಡಿಯ ಮೇಲೆ.

ಕಣ್ಣು ಮುಚ್ಚಿದೆ, ತೆರೆದೆ. ನೋಡುತ್ತಿದ್ದ. ನಿದ್ದೆ ಬಂತು, ಎಚ್ಚರವಾಯಿತು. ನೋಡುತ್ತಿದ್ದ. ಚಿಕ್ಕಂದಿನಿಂದ ಎಷ್ಟೋ ಸಲ ಜ್ವರ ಬಂದಿದೆ ನನಗೆ. ಮಾತ್ರೆ ಕೊಟ್ಟವರಿದ್ದಾರೆ, ಕೂತವರಿಲ್ಲ.

ಚಿಕ್ಕಮ್ಮ ಬಂದು ನೋಡಿ ಬಾಗಿಲಲ್ಲೇ ನಿಂತರು. ಸೆರಗು ಬಾಯಿಗೆ ಹೋಯಿತು. "ಅಕ್ಕನ್ನ ಬಿಟ್ಟು ಬೇರೆ ಯಾರಿಗೂ ಹೀಗೆ ಕೂತೋನಲ್ಲ" ಅಂದರು.

ಮಧ್ಯಾಹ್ನ ಫೋನ್ ಬಡಿದುಕೊಂಡಿತು. ಅಣ್ಣನದ್ದೇ ಇರಬೇಕು, ಇವತ್ತು ಹೇಳುತ್ತೇನೆ ಎಂದಿದ್ದೆ. ಎತ್ತುವ ಶಕ್ತಿ ಇರಲಿಲ್ಲ. ಚಿಕ್ಕಮ್ಮ ದೊರೆಯನ್ನು ಊಟಕ್ಕೆ ಕರೆದರು. ಏಳಲಿಲ್ಲ. ಗದರಿದರು, ಕೈ ಹಿಡಿದು ಎಳೆದರು. ಹೊಸಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊತ್ತು ಮೀರುತ್ತಿತ್ತು, ಅವನ ತುಟಿ ಒಣಗಿತ್ತು. ಕೊನೆಗೆ ನಾನೇ ಹೇಳಿದೆ: "ಹೋಗಪ್ಪ, ಊಟ ಮಾಡು. ನಾನೆಲ್ಲೂ ಹೋಗಲ್ಲ."

ಅವನು ಊಟಕ್ಕೆ ಏಳಲಿ ಎಂದು ಆಡಿದ ಮಾತು, ಅಷ್ಟೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ನಂಬಿದ, ಎದ್ದು ಊಟಕ್ಕೆ ಹೋದ.